ಒಂದು ರೂಪಾಯಿ ಏರಿಸಿದರೆ ಏನಾಗುತ್ತದೆ? ಬಳ್ಳಾರಿ ಜೀನ್ಸ್‌ನ ಬೆಲೆ ಮತ್ತು ಡೆರಿವೇಟಿವ್ ಲೆಕ್ಕ

2025ರ ಸೆಪ್ಟೆಂಬರ್ 22ರಂದು ಸಿದ್ಧ ಉಡುಪುಗಳ ಮೇಲಿನ ಜಿಎಸ್‌ಟಿ ಬದಲಾಯಿತು. ಅಲ್ಲಿಯವರೆಗೆ ಒಂದು ಉಡುಪಿನ ಮಾರಾಟ ಮೌಲ್ಯ 1,000 ರೂಪಾಯಿ ಮೀರದಿದ್ದರೆ ಶೇ 5, ಮೀರಿದರೆ ಶೇ 12 ತೆರಿಗೆ ಇತ್ತು. ಈಗ 2,500 ರೂಪಾಯಿವರೆಗೆ ಶೇ 5, ಅದನ್ನು ದಾಟಿದರೆ ಶೇ 18. ತೆರಿಗೆ ಬಿಟ್ಟು 1,500 ರೂಪಾಯಿ ಬೆಲೆಯ ಪ್ಯಾಂಟಿಗೆ ಗಿರಾಕಿ ಮೊದಲು 1,680 ರೂಪಾಯಿ ಕೊಡಬೇಕಿತ್ತು, ಈಗ 1,575 ಕೊಟ್ಟರೆ ಸಾಕು. ಹೀಗೆ ತೆರಿಗೆ ಬದಲಾದಾಗಲೆಲ್ಲ, ಬಟ್ಟೆಯ ದರ ಏರಿದಾಗಲೆಲ್ಲ, ಬೆಲೆಪಟ್ಟಿಯನ್ನು ಹೊಸದಾಗಿ ಬರೆಯುವ ಕೆಲಸ ತಯಾರಕರ ಮೇಲೆ ಬೀಳುತ್ತದೆ.

ಬಳ್ಳಾರಿಯಲ್ಲಿ ಈ ಕೆಲಸ ಬಹಳ ಮಂದಿಗೆ ಸಂಬಂಧಿಸಿದ್ದು. ಕೌಲ್‌ಬಜಾರ್, ಬಂಡಿಹಟ್ಟಿ ಕಡೆ ಮನೆಯಲ್ಲೇ ಹೊಲಿಗೆ ಯಂತ್ರ ಇಟ್ಟುಕೊಂಡವರಿಂದ ಹಿಡಿದು ಮುಂಡರಗಿ ಕೈಗಾರಿಕಾ ಪ್ರದೇಶದ ದೊಡ್ಡ ಶೆಡ್‌ಗಳವರೆಗೆ ಜೀನ್ಸ್ ಇಲ್ಲಿನ ಬದುಕಿನ ದಾರಿ. ಸಗಟು ವ್ಯಾಪಾರಿ ಹೇಳಿದ ದರಕ್ಕೆ ಮಾಲು ಕೊಡುವವರಿಗೆ ಬೆಲೆಯ ತಲೆಬಿಸಿ ಅಷ್ಟಾಗಿ ಇರುವುದಿಲ್ಲ. ತಮ್ಮದೇ ಲೇಬಲ್ ಹಚ್ಚಿ ಮೊಬೈಲ್ ಮೂಲಕ ನೇರವಾಗಿ ಮಾರಲು ಹೊರಟವರು ಮಾತ್ರ ರೇಟು ಎಷ್ಟು ಇಡಬೇಕು ಎಂಬ ಪ್ರಶ್ನೆಗೆ ತಾವೇ ಉತ್ತರ ಕಂಡುಕೊಳ್ಳಬೇಕು. ಸಾಮಾನ್ಯವಾಗಿ ಖರ್ಚಿನ ಮೇಲೆ ಇಷ್ಟು ಪರ್ಸೆಂಟ್ ಎಂದು ಹಾಕುತ್ತಾರೆ, ಇಲ್ಲವೇ ಪಕ್ಕದವರ ರೇಟು ನೋಡಿ ಐದೋ ಹತ್ತೋ ರೂಪಾಯಿ ಕಡಿಮೆ ಇಡುತ್ತಾರೆ. ಮೂರನೆಯ ದಾರಿಯೊಂದಿದೆ. ಅದನ್ನು ದ್ವಿತೀಯ ಪಿಯುಸಿ ಗಣಿತದಲ್ಲಿ ಕಲಿಸಲಾಗುತ್ತದೆ. ಪರೀಕ್ಷೆ ಮುಗಿದ ಮೇಲೆ ಅದು ಅಂಗಡಿಯ ಗಲ್ಲಾಪೆಟ್ಟಿಗೆಗೂ ಉಪಯೋಗಕ್ಕೆ ಬರುತ್ತದೆಂದು ಯಾರೂ ನೆನಪಿಸುವುದಿಲ್ಲ. ಅದೇ ಡೆರಿವೇಟಿವ್.

## ಲೆಕ್ಕಕ್ಕೆ ಬೇಕಾದ ಸಾಮಗ್ರಿ

ಲಾಭವೆಂದರೆ ಬಂದ ಹಣದಲ್ಲಿ ಖರ್ಚು ಕಳೆದು ಉಳಿದದ್ದು. ಖರ್ಚಿನಲ್ಲಿ ಎರಡು ಬಗೆ. ಡೆನಿಮ್ ಬಟ್ಟೆ, ದಾರ, ಜಿಪ್, ಗುಂಡಿ, ಹೊಲಿಗೆ ಕೂಲಿ, ವಾಷಿಂಗ್ ಇವೆಲ್ಲ ಪ್ರತಿ ಪ್ಯಾಂಟಿನ ಜೊತೆಗೇ ಹುಟ್ಟುವ ಖರ್ಚು; ಒಂದು ಪ್ಯಾಂಟು ಹೆಚ್ಚು ಹೊಲಿದರೆ ಅಷ್ಟು ಹೆಚ್ಚುತ್ತದೆ, ಹೊಲಿಯದಿದ್ದರೆ ಇಲ್ಲ. ಇದು ಬದಲಾಗುವ ವೆಚ್ಚ. ಶೆಡ್ಡಿನ ಬಾಡಿಗೆ, ಯಂತ್ರಸಾಲದ ಕಂತು, ಕಾವಲುಗಾರನ ಸಂಬಳ ಇವು ನೂರು ಪ್ಯಾಂಟು ಹೊಲಿದರೂ ಸಾವಿರ ಹೊಲಿದರೂ ಅಷ್ಟೇ. ಇದು ಸ್ಥಿರ ವೆಚ್ಚ. ಇನ್ನು ಬೇಡಿಕೆ ಎಂದರೆ ಇಂಥ ಬೆಲೆಗೆ ಇಷ್ಟು ಪ್ಯಾಂಟು ಹೋಗುತ್ತವೆ ಎಂಬ ಸಂಬಂಧ. ಬೆಲೆ ಏರಿದಷ್ಟೂ ಮಾರಾಟ ಇಳಿಯುತ್ತದೆ, ಎಷ್ಟು ಇಳಿಯುತ್ತದೆ ಎಂಬುದೇ ಮುಖ್ಯ.

ವಿವರಣೆಗಾಗಿ ಒಂದು ಕಲ್ಪಿತ ಘಟಕವನ್ನು ತೆಗೆದುಕೊಳ್ಳೋಣ. ಅಂಕಿಗಳು ಲೆಕ್ಕ ಸಲೀಸಾಗಲೆಂದು ಆರಿಸಿದವು, ಯಾವ ಘಟಕದ ಪುಸ್ತಕದಿಂದಲೂ ತೆಗೆದವಲ್ಲ. ಒಂದು ಪ್ಯಾಂಟಿಗೆ ಬದಲಾಗುವ ವೆಚ್ಚ 300 ರೂಪಾಯಿ. ವಾರದ ಸ್ಥಿರ ವೆಚ್ಚ 30,000 ರೂಪಾಯಿ. ತೆರಿಗೆ ಬಿಟ್ಟ ಬೆಲೆ 500 ರೂಪಾಯಿ ಇಟ್ಟರೆ ವಾರಕ್ಕೆ 400 ಪ್ಯಾಂಟು ಹೋಗುತ್ತವೆ. ಅಲ್ಲಿಂದ ಪ್ರತಿ ರೂಪಾಯಿ ಏರಿಕೆಗೆ ಇಬ್ಬರು ಗಿರಾಕಿಗಳು ಕಡಿಮೆಯಾಗುತ್ತಾರೆ, ಪ್ರತಿ ರೂಪಾಯಿ ಇಳಿಕೆಗೆ ಇಬ್ಬರು ಹೆಚ್ಚುತ್ತಾರೆ. ಇದನ್ನೇ ಸೂತ್ರವಾಗಿ ಹೀಗೆ ಬರೆಯಬಹುದು:

ಮಾರಾಟ = 1400 − 2 × ಬೆಲೆ

ಈಗ ಕೆಲವು ಬೆಲೆಗಳನ್ನು ಹಾಕಿ ನೋಡೋಣ. ಬೆಲೆ 400 ಆದರೆ 600 ಪ್ಯಾಂಟು ಹೋಗುತ್ತವೆ, ಪ್ರತಿಯೊಂದರಲ್ಲೂ 100 ರೂಪಾಯಿ ಉಳಿಯುತ್ತದೆ, ಒಟ್ಟು 60,000. ಬೆಲೆ 450 ಆದರೆ 500 ಪ್ಯಾಂಟಿಗೆ 150ರಂತೆ 75,000. ಬೆಲೆ 500 ಆದರೆ 400 ಪ್ಯಾಂಟಿಗೆ 200ರಂತೆ 80,000. ಬೆಲೆ 550 ಆದರೆ 300 ಪ್ಯಾಂಟಿಗೆ 250ರಂತೆ ಮತ್ತೆ 75,000. ಬೆಲೆ 600 ಆದರೆ 200 ಪ್ಯಾಂಟಿಗೆ 300ರಂತೆ 60,000. ಇವೆಲ್ಲವುಗಳಿಂದ ಸ್ಥಿರ ವೆಚ್ಚದ 30,000 ಕಳೆಯಬೇಕು.

ಲಾಭ ಮೊದಲು ಏರಿ, ಆಮೇಲೆ ಇಳಿಯಿತು. ಕಡಿಮೆ ಬೆಲೆಯಲ್ಲಿ ಗಿರಾಕಿಗಳಿದ್ದಾರೆ, ಉಳಿಕೆ ಇಲ್ಲ. ಹೆಚ್ಚಿನ ಬೆಲೆಯಲ್ಲಿ ಉಳಿಕೆ ಇದೆ, ಗಿರಾಕಿಗಳಿಲ್ಲ. ಇಲ್ಲಿ ಇನ್ನೊಂದು ಸಂಗತಿಯನ್ನೂ ಗಮನಿಸಬೇಕು. ಗಲ್ಲಾಕ್ಕೆ ಅತಿ ಹೆಚ್ಚು ಹಣ ಬರುವುದು 500 ರೂಪಾಯಿ ಬೆಲೆಯಲ್ಲಿ ಅಲ್ಲ, 350 ರೂಪಾಯಿ ಬೆಲೆಯಲ್ಲಿ: 700 ಪ್ಯಾಂಟು, ವಾರಕ್ಕೆ 2,45,000 ರೂಪಾಯಿ ವಹಿವಾಟು. 500ರ ಬೆಲೆಯಲ್ಲಿ ವಹಿವಾಟು 2,00,000 ಮಾತ್ರ. ಆದರೆ 350ರಲ್ಲಿ ಪ್ಯಾಂಟಿಗೆ 50 ರೂಪಾಯಿಯಂತೆ ಉಳಿಯುವುದು 35,000. ಬಾಡಿಗೆ, ಕಂತು ಕಳೆದರೆ ಕೈಗೆ 5,000 ರೂಪಾಯಿ. ವ್ಯಾಪಾರ ಜೋರಾಗಿದೆ ಎನ್ನುವವರ ಕೈಯಲ್ಲಿ ದುಡ್ಡು ನಿಲ್ಲದಿರುವುದಕ್ಕೆ ಇದೂ ಒಂದು ಕಾರಣವಿರಬಹುದು.

## ಒಂದೇ ರೂಪಾಯಿಯ ಹೆಜ್ಜೆ

ಮೇಲಿನ ಪಟ್ಟಿ 500 ರೂಪಾಯಿಯ ಕಡೆಗೆ ಬೆರಳು ತೋರಿಸುತ್ತದೆ. ಆದರೆ ನಾವು ಐವತ್ತೈವತ್ತು ರೂಪಾಯಿ ಹಾರಿ ನೋಡಿದ್ದೇವೆ. 490ರಲ್ಲೋ 515ರಲ್ಲೋ ಇನ್ನೂ ಹೆಚ್ಚು ಲಾಭ ಅಡಗಿರಲಿಕ್ಕಿಲ್ಲ ಎಂದು ಹೇಳುವುದು ಹೇಗೆ? ಎಲ್ಲ ಬೆಲೆಗಳನ್ನೂ ಒಂದೊಂದಾಗಿ ಪರೀಕ್ಷಿಸುವ ಬದಲು, ಇದ್ದ ಬೆಲೆಯಲ್ಲೇ ನಿಂತು, ಒಂದು ರೂಪಾಯಿ ಏರಿಸಿದರೆ ಏನಾಗುತ್ತದೆ ಎಂದು ಕೇಳುವುದು ಉತ್ತಮ.

450 ರೂಪಾಯಿಯಲ್ಲಿ ನಿಂತಿದ್ದೇವೆ ಎನ್ನೋಣ. ಬೆಲೆಯನ್ನು 451ಕ್ಕೆ ಏರಿಸಿದರೆ ಇಬ್ಬರು ಹೋಗುತ್ತಾರೆ, 498 ಜನ ಉಳಿಯುತ್ತಾರೆ. ಉಳಿದವರಿಂದ ತಲಾ ಒಂದು ರೂಪಾಯಿ ಹೆಚ್ಚು, ಅಂದರೆ 498 ರೂಪಾಯಿ ಗಳಿಕೆ. ಹೋದ ಇಬ್ಬರಿಂದ ಸಿಗಬೇಕಿದ್ದ 150ರಂತೆ 300 ರೂಪಾಯಿ ನಷ್ಟ. ನಿವ್ವಳ 198 ರೂಪಾಯಿ ಲಾಭ, ಏರಿಸುವುದು ಸರಿ. 550ರಲ್ಲಿ ನಿಂತು ಇದೇ ಪ್ರಶ್ನೆ ಕೇಳಿದರೆ, ಉಳಿದ 298 ಜನರಿಂದ 298 ರೂಪಾಯಿ ಬರುತ್ತದೆ, ಹೋದ ಇಬ್ಬರಿಂದ 250ರಂತೆ 500 ರೂಪಾಯಿ ಹೋಗುತ್ತದೆ. ನಿವ್ವಳ 202 ರೂಪಾಯಿ ನಷ್ಟ; ಈಗಾಗಲೇ ಹೆಚ್ಚು ಏರಿಸಿಬಿಟ್ಟಿದ್ದೇವೆ. 500ರಲ್ಲಿ ಬರುವುದು 398, ಹೋಗುವುದು 400. ಹೆಚ್ಚುಕಡಿಮೆ ಸರಿಸಮ.

ಇಡೀ ವಿಷಯದ ತಿರುಳು ಇಷ್ಟೇ. ಉಳಿದ ಗಿರಾಕಿಗಳಿಂದ ಬರುವ ಹೆಚ್ಚಿನ ಹಣವೂ ಹೋದ ಗಿರಾಕಿಗಳಿಂದ ತಪ್ಪುವ ಉಳಿಕೆಯೂ ಸಮವಾಗುವ ಬೆಲೆಯಲ್ಲಿ ಲಾಭ ಗರಿಷ್ಠ. ಆದರೂ 500ರಲ್ಲಿ ಆ ಎರಡು ರೂಪಾಯಿ ವ್ಯತ್ಯಾಸ ಏಕೆ ಉಳಿಯಿತು? ನಮ್ಮ ಹೆಜ್ಜೆ ಒಂದು ರೂಪಾಯಿಯಷ್ಟು ದೊಡ್ಡದಾಗಿದ್ದರಿಂದ.

## ಹೆಜ್ಜೆಯನ್ನು ಕಿರಿದಾಗಿಸುತ್ತ ಹೋದರೆ

450ರಲ್ಲಿ ಒಂದು ರೂಪಾಯಿಯ ಬದಲು ಐವತ್ತು ಪೈಸೆ ಏರಿಸಿ ನೋಡೋಣ. ಮಾರಾಟ 499, ಉಳಿಕೆ 150.50, ಗುಣಿಸಿದರೆ 75,099.50. ಐವತ್ತು ಪೈಸೆಗೆ 99.50 ಹೆಚ್ಚಿದರೆ, ರೂಪಾಯಿಗೆ 199ರ ದರ. ಹತ್ತು ಪೈಸೆ ಏರಿಸಿದರೆ ಹೆಚ್ಚುವುದು 19.98, ಅಂದರೆ ರೂಪಾಯಿಗೆ 199.80ರ ದರ. (ಮಾರಾಟ 499.8 ಪ್ಯಾಂಟು ಎಂದಾಗುತ್ತದೆ. ವಾರಗಳ ಸರಾಸರಿ ಎಂದುಕೊಂಡರೆ ಅದರಲ್ಲಿ ತೊಡಕಿಲ್ಲ.) 198, 199, 199.80: ಹೆಜ್ಜೆ ಕಿರಿದಾದಂತೆ ಈ ಸಂಖ್ಯೆ 200ಕ್ಕೆ ಹತ್ತಿರವಾಗುತ್ತದೆ, ಅದನ್ನು ದಾಟುವುದಿಲ್ಲ. ಹೆಜ್ಜೆ ಸೊನ್ನೆಯತ್ತ ಸರಿದಾಗ ದರ ಯಾವ ಸಂಖ್ಯೆಯತ್ತ ಸರಿಯುತ್ತದೋ ಆ ಸಂಖ್ಯೆಯೇ ಆ ಬಿಂದುವಿನ ಡೆರಿವೇಟಿವ್. ಅದನ್ನು ಕಂಡುಹಿಡಿಯುವ ಕ್ರಿಯೆಗೆ ಅವಕಲನ ಎಂದು ಹೆಸರು.

ಲಾಭವನ್ನು ಬೆಲೆಗೆ ಎದುರಾಗಿ ಕಾಗದದ ಮೇಲೆ ಬಿಡಿಸಿದರೆ ಒಂದು ದಿಬ್ಬದ ಆಕಾರ ಬರುತ್ತದೆ. ಕತ್ತಲಲ್ಲಿ ಬಳ್ಳಾರಿ ಗುಡ್ಡ ಹತ್ತುವವನಿಗೆ ತುದಿ ಕಾಣಿಸುವುದಿಲ್ಲ. ಆದರೆ ಕಾಲಡಿಯ ನೆಲ ಮುಂದಕ್ಕೆ ಏರಿದೆಯೇ, ಇಳಿದಿದೆಯೇ ಎಂಬುದು ಪಾದಕ್ಕೇ ತಿಳಿಯುತ್ತದೆ. ಏರಿದ್ದರೆ ಇನ್ನೂ ಹತ್ತುವುದಿದೆ, ಇಳಿದಿದ್ದರೆ ತುದಿ ಹಿಂದೆ ಉಳಿಯಿತು, ಸಮತಟ್ಟಾಗಿದ್ದರೆ ತುದಿಯಲ್ಲೇ ನಿಂತಿದ್ದಾನೆ. ಡೆರಿವೇಟಿವ್ ಎಂದರೆ ಪಾದಕ್ಕೆ ತಿಳಿಯುವ ಆ ಇಳಿಜಾರು. 450ರಲ್ಲಿ ಅದು +200, 550ರಲ್ಲಿ −200, 500ರಲ್ಲಿ ಸೊನ್ನೆ.

ತುದಿಯಲ್ಲಿ ಇಳಿಜಾರು ಸೊನ್ನೆ ಎಂಬ ಈ ವಿಚಾರ ಹಳೆಯದು. 12ನೆಯ ಶತಮಾನದ ಭಾಸ್ಕರಾಚಾರ್ಯರು ಗ್ರಹಗಳ ತಾತ್ಕಾಲಿಕ ಗತಿಯ, ಅಂದರೆ ಆ ಕ್ಷಣದ ವೇಗದ, ಲೆಕ್ಕ ಮಾಡಿದ್ದರು. 17ನೆಯ ಶತಮಾನದಲ್ಲಿ ಫ್ರಾನ್ಸಿನ ಫೆರ್ಮಾ ಗರಿಷ್ಠ, ಕನಿಷ್ಠಗಳನ್ನು ಕಂಡುಹಿಡಿಯುವ ವಿಧಾನ ಕೊಟ್ಟರು. ಅನಂತರ ನ್ಯೂಟನ್ ಮತ್ತು ಲೈಬ್ನಿಟ್ಸ್ ಅದನ್ನು ಪೂರ್ಣ ಶಾಸ್ತ್ರವಾಗಿ ಬೆಳೆಸಿದರು. ಬೆಲೆ ನಿಗದಿಗೆ ಅದನ್ನು ಕ್ರಮವಾಗಿ ಬಳಸಿದವರು ಫ್ರಾನ್ಸಿನವರೇ ಆದ ಕೂರ್ನೊ, 1838ರಲ್ಲಿ. ಅವರ ಉದಾಹರಣೆಯಲ್ಲಿದ್ದುದು ಖನಿಜಯುಕ್ತ ನೀರಿನ ಬುಗ್ಗೆಯೊಂದರ ಒಡೆಯ: ನೀರಿಗೆ ಖರ್ಚೇ ಇಲ್ಲ, ಬೇರೆ ಮಾರಾಟಗಾರರೂ ಇಲ್ಲ, ಹಾಗಿದ್ದರೆ ಎಷ್ಟು ಬೆಲೆ ಇಟ್ಟರೆ ಅವನಿಗೆ ಅತಿ ಹೆಚ್ಚು ಹಣ?

## ಸೂತ್ರದಿಂದ ಉತ್ತರಕ್ಕೆ

ಪ್ರತಿ ಬೆಲೆಯಲ್ಲೂ ಪೈಸೆ ಪೈಸೆ ಲೆಕ್ಕ ಹಾಕುವ ಶ್ರಮವನ್ನು ಅವಕಲನದ ನಿಯಮಗಳು ತಪ್ಪಿಸುತ್ತವೆ. ಬೆಲೆಯನ್ನು 'ಬೆ' ಎಂದು ಬರೆದರೆ, ಪ್ರತಿ ಪ್ಯಾಂಟಿನ ಉಳಿಕೆ (ಬೆ − 300), ಮಾರಾಟ (1400 − 2ಬೆ). ಇವೆರಡನ್ನೂ ಗುಣಿಸಿ ಸ್ಥಿರ ವೆಚ್ಚ ಕಳೆದರೆ:

ಲಾಭ = −2ಬೆ² + 2000ಬೆ − 4,20,000 − 30,000

ಪ್ರತಿ ಪದವನ್ನೂ ಬೇರೆಬೇರೆಯಾಗಿ ನೋಡಬೇಕು. ಬೆಲೆಯನ್ನು ಒಂದು ಸಣ್ಣ ಹೆಜ್ಜೆ 'ಹೆ'ಯಷ್ಟು ಏರಿಸಿದಾಗ ಬೆ² ಎಂಬುದು (ಬೆ + ಹೆ)² ಆಗುತ್ತದೆ. ಬಿಡಿಸಿದರೆ ಹೆಚ್ಚಿದ್ದು 2ಬೆಹೆ + ಹೆ². ಇದನ್ನು ಹೆಜ್ಜೆಯಿಂದ ಭಾಗಿಸಿದರೆ 2ಬೆ + ಹೆ. ಹೆಜ್ಜೆ ಸೊನ್ನೆಯತ್ತ ಸರಿದಾಗ ಉಳಿಯುವುದು 2ಬೆ. ಆದ್ದರಿಂದ −2ಬೆ²ದ ಡೆರಿವೇಟಿವ್ −4ಬೆ. 2000ಬೆ ಎಂಬುದು ಪ್ರತಿ ರೂಪಾಯಿಗೂ 2000ದಂತೆ ಏರುತ್ತದೆ, ಆದ್ದರಿಂದ ಅದರದು 2000. ಬದಲಾಗದ ಸಂಖ್ಯೆಗಳ ಬದಲಾವಣೆಯ ದರ ಸೊನ್ನೆ, ಅವು ಕಾಣೆಯಾಗುತ್ತವೆ. ಉಳಿದದ್ದು:

ಲಾಭದ ಡೆರಿವೇಟಿವ್ = 2000 − 4ಬೆ

ಇದನ್ನು ಸೊನ್ನೆಗೆ ಸಮ ಮಾಡಿದರೆ ಬೆ = 500. 490ರಲ್ಲಿಯೂ ಅಲ್ಲ, 515ರಲ್ಲಿಯೂ ಅಲ್ಲ. ಇಳಿಜಾರು ಸೊನ್ನೆಯಾಗುವುದು ಕಣಿವೆಯ ತಳದಲ್ಲೂ ಸಾಧ್ಯವಾದ್ದರಿಂದ ಇದು ತುದಿಯೇ ಎಂದು ಖಚಿತಪಡಿಸಿಕೊಳ್ಳಬೇಕು. ಅದಕ್ಕೆ ಡೆರಿವೇಟಿವ್‌ನ ಡೆರಿವೇಟಿವ್ ತೆಗೆಯುತ್ತಾರೆ. ಇಲ್ಲಿ ಅದು −4. ಋಣಸಂಖ್ಯೆ ಬಂದರೆ ಇಳಿಜಾರು ಕಡಿಮೆಯಾಗುತ್ತಲೇ ಹೋಗುತ್ತಿದೆ ಎಂದರ್ಥ, ಆದ್ದರಿಂದ ಇದು ತುದಿ.

## ಬಾಡಿಗೆ ಏರಿದರೆ ಬೆಲೆ ಏರಿಸಬೇಕೇ?

ಮೇಲಿನ ಲೆಕ್ಕದಲ್ಲಿ 30,000 ರೂಪಾಯಿಯ ಸ್ಥಿರ ವೆಚ್ಚ ಮಾಯವಾದದ್ದನ್ನು ಓದುಗರು ಗಮನಿಸಿರಬಹುದು. ಈ ಗಣಿತದಲ್ಲಿ ವ್ಯಾಪಾರಿಗಳು ಒಪ್ಪಲು ಹಿಂದೇಟು ಹಾಕುವ ಭಾಗ ಇದೇ. ಶೆಡ್ಡಿನ ಬಾಡಿಗೆ ವಾರಕ್ಕೆ 5,000 ಏರಿದರೆ ಲಾಭ 50,000ದಿಂದ 45,000ಕ್ಕೆ ಇಳಿಯುತ್ತದೆ, ನಿಜ. ಆದರೆ ಆ ಕಾರಣಕ್ಕೆ ಬೆಲೆ ಏರಿಸಿದರೆ ಲಾಭ ಇನ್ನೂ ಇಳಿಯುತ್ತದೆ, ಏಕೆಂದರೆ ಗಿರಾಕಿಗೆ ನಮ್ಮ ಬಾಡಿಗೆಯ ಸುದ್ದಿ ಗೊತ್ತಿಲ್ಲ. ಬೆಲೆ ಏರಿದರೆ ಅವನು ಮೊದಲಿನಂತೆಯೇ ಹೊರಟುಹೋಗುತ್ತಾನೆ. ದಿಬ್ಬ ಇಡಿಯಾಗಿ 5,000 ರೂಪಾಯಿಯಷ್ಟು ಕೆಳಕ್ಕೆ ಕುಸಿಯಿತೇ ಹೊರತು ಅದರ ತುದಿ ಎಡಕ್ಕೋ ಬಲಕ್ಕೋ ಸರಿಯಲಿಲ್ಲ. ಸ್ಥಿರ ವೆಚ್ಚ ನಿರ್ಧರಿಸುವುದು ಅಂಗಡಿ ತೆರೆದಿಡಬೇಕೋ ಮುಚ್ಚಬೇಕೋ ಎಂಬುದನ್ನು, ಬೆಲೆಯನ್ನಲ್ಲ.

ಬದಲಾಗುವ ವೆಚ್ಚದ ಕಥೆ ಬೇರೆ. ಡೆನಿಮ್ ದುಬಾರಿಯಾಗಿ ಪ್ಯಾಂಟಿನ ವೆಚ್ಚ 300ರಿಂದ 320ಕ್ಕೆ ಏರಿತು ಎನ್ನೋಣ. ಲೆಕ್ಕವನ್ನು ಮತ್ತೆ ಮಾಡಿದರೆ ಡೆರಿವೇಟಿವ್ 2040 − 4ಬೆ ಆಗಿ, ಹೊಸ ಬೆಲೆ 510 ಬರುತ್ತದೆ. ವೆಚ್ಚ ಇಪ್ಪತ್ತು ಏರಿತು, ಬೆಲೆ ಏರಬೇಕಾದದ್ದು ಹತ್ತೇ! ಬೇಡಿಕೆ ಸರಳರೇಖೆಯಲ್ಲಿರುವಾಗ ಏರಿದ ವೆಚ್ಚದ ಅರ್ಧವನ್ನು ಗಿರಾಕಿಗೆ ದಾಟಿಸಿ ಇನ್ನರ್ಧವನ್ನು ತಾನೇ ಹೊರುವುದೇ ಲಾಭಕರ ಎಂದು ಲೆಕ್ಕ ಹೇಳುತ್ತದೆ. 510ರಲ್ಲಿ ಸ್ಥಿರ ವೆಚ್ಚ ಕಳೆಯುವ ಮುಂಚಿನ ಉಳಿಕೆ 72,200. ಪೂರ್ತಿ ಇಪ್ಪತ್ತನ್ನೂ ಏರಿಸಿ 520 ಮಾಡಿದರೆ 72,000. ಏನೂ ಏರಿಸದೆ 500ರಲ್ಲೇ ನಿಂತರೂ 72,000.

ಎರಡು ನೂರು ರೂಪಾಯಿಗೆ ಇಷ್ಟು ರಾಮಾಯಣವೇ ಎಂದು ಕೇಳಬಹುದು. ಆ ಪ್ರಶ್ನೆಯಲ್ಲೂ ತಿರುಳಿದೆ. ತುದಿಯ ಆಸುಪಾಸಿನಲ್ಲಿ ನೆಲ ಬಹುತೇಕ ಸಮತಟ್ಟು. ಅಲ್ಲಿ ಹತ್ತು ರೂಪಾಯಿ ಆಚೀಚೆಯಾದರೆ ವಾರಕ್ಕೆ ತಪ್ಪುವುದು 200 ರೂಪಾಯಿ ಮಾತ್ರ. ಐವತ್ತು ರೂಪಾಯಿ ತಪ್ಪಿದರೆ 5,000, ನೂರು ತಪ್ಪಿದರೆ 20,000. ತಪ್ಪು ಹತ್ತು ಪಟ್ಟಾದರೆ ನಷ್ಟ ನೂರು ಪಟ್ಟಾಗುತ್ತದೆ. ಆದ್ದರಿಂದ 497 ಇಡಬೇಕೋ 503 ಇಡಬೇಕೋ ಎಂದು ತಲೆ ಕೆಡಿಸಿಕೊಳ್ಳಬೇಕಿಲ್ಲ. 499 ಎಂದು ಬರೆದು ಗಿರಾಕಿಯ ಕಣ್ಣಿಗೆ ಹಿತವಾಗಿಸುವುದರಿಂದ ಆಗುವ ನಷ್ಟ ಈ ಲೆಕ್ಕದ ಪ್ರಕಾರ ವಾರಕ್ಕೆ ಎರಡು ರೂಪಾಯಿ.

## ಬೇಡಿಕೆಯ ರೇಖೆ ಎಲ್ಲಿಂದ ಬರುತ್ತದೆ?

ಅವಕಲನ ಸುಲಭದ ಭಾಗ. 1400 ಮತ್ತು 2 ಎಂಬ ಎರಡು ಸಂಖ್ಯೆಗಳನ್ನು ನಾವು ಹಾಗೆಯೇ ಊಹಿಸಿಕೊಂಡೆವು. ನಿಜವಾದ ವ್ಯಾಪಾರಿಗೆ ಅವನ್ನು ಯಾರೂ ತಂದುಕೊಡುವುದಿಲ್ಲ. ಎರಡು ಬೇರೆ ಬೇರೆ ಬೆಲೆಗಳಲ್ಲಿ ಮಾರಿ ನೋಡುವುದು ಸರಳ ಉಪಾಯ. 520ರ ವಾರದಲ್ಲಿ 360, 480ರ ವಾರದಲ್ಲಿ 440 ಪ್ಯಾಂಟು ಹೋದವು ಎಂದರೆ, 40 ರೂಪಾಯಿಗೆ 80 ಪ್ಯಾಂಟು, ಅಂದರೆ ರೂಪಾಯಿಗೆ ಎರಡು. ಅಲ್ಲಿಗೆ ರೇಖೆ ಸಿಕ್ಕಿತು.

ಆದರೆ ಆ 480ರ ವಾರ ದೀಪಾವಳಿಯ ವಾರವಾಗಿದ್ದರೆ? ಹಬ್ಬದ ಕಾರಣಕ್ಕೇ 80 ಪ್ಯಾಂಟು ಹೆಚ್ಚು ಹೋಗಿ ಒಟ್ಟು 520 ಆಗಿದ್ದರೆ, ವ್ಯಾಪಾರಿ ಅದನ್ನು ಬೆಲೆ ಇಳಿಸಿದ್ದರ ಫಲವೆಂದೇ ತಿಳಿಯುತ್ತಾನೆ. 40 ರೂಪಾಯಿಗೆ 160 ಪ್ಯಾಂಟು, ಅಂದರೆ ರೂಪಾಯಿಗೆ ನಾಲ್ಕು ಎಂದು ಲೆಕ್ಕ ಹಾಕಿದರೆ, ಸೂತ್ರ ಅವನಿಗೆ 455 ರೂಪಾಯಿ ಬೆಲೆ ಸೂಚಿಸುತ್ತದೆ. ಗಣಿತದಲ್ಲಿ ಒಂದಕ್ಷರ ತಪ್ಪಿಲ್ಲದಿದ್ದರೂ ಹಬ್ಬ ಮುಗಿದ ಮೇಲೆ ವಾರಕ್ಕೆ 4,050 ರೂಪಾಯಿ ಕೈತಪ್ಪುತ್ತದೆ. ಆದ್ದರಿಂದ ಹೋಲಿಸುವ ವಾರಗಳು ಒಂದೇ ಬಗೆಯವಾಗಿರಬೇಕು, ಸಾಧ್ಯವಾದರೆ ಎರಡಕ್ಕಿಂತ ಹೆಚ್ಚು ಬೆಲೆಗಳನ್ನು ಪರೀಕ್ಷಿಸಬೇಕು, ಮತ್ತು ಪರೀಕ್ಷಿಸಿದ ವ್ಯಾಪ್ತಿಯಿಂದ ಬಹಳ ದೂರದ ಬೆಲೆಗಳಿಗೆ ರೇಖೆಯನ್ನು ಎಳೆದು ನಂಬಬಾರದು.

ಸರಳರೇಖೆಯ ಬದಲು ಶೇಕಡಾವಾರು ಯೋಚಿಸುವ ದಾರಿಯೂ ಇದೆ. ಬೆಲೆ ಶೇ 1 ಏರಿದರೆ ಮಾರಾಟ ಶೇ ಎಷ್ಟು ಇಳಿಯುತ್ತದೆ ಎಂಬುದನ್ನು ಬೇಡಿಕೆಯ ಸ್ಥಿತಿಸ್ಥಾಪಕತೆ ಎನ್ನುತ್ತಾರೆ. ನಮ್ಮ ಉದಾಹರಣೆಯಲ್ಲಿ 500ರ ಶೇ 1 ಎಂದರೆ 5 ರೂಪಾಯಿ. ಅಷ್ಟಕ್ಕೆ ಹೋಗುವವರು 10 ಜನ, ಅಂದರೆ 400ರಲ್ಲಿ ಶೇ 2.5. ಡೆರಿವೇಟಿವ್ ಸೊನ್ನೆ ಎಂಬ ಷರತ್ತನ್ನು ಈ ಭಾಷೆಗೆ ತಿರುಗಿಸಿದರೆ ಸಿಗುವ ನಿಯಮ ಹೀಗಿದೆ: ಬದಲಾಗುವ ವೆಚ್ಚವನ್ನು ಆ ಸಂಖ್ಯೆಯಿಂದ ಗುಣಿಸಿ, ಅದಕ್ಕಿಂತ ಒಂದು ಕಡಿಮೆ ಸಂಖ್ಯೆಯಿಂದ ಭಾಗಿಸಬೇಕು. 300 × 2.5 ÷ 1.5 = 500. ಅದೇ ಉತ್ತರ. ಈ ನಿಯಮ ಕೆಲಸ ಮಾಡಬೇಕಾದರೆ ಸಂಖ್ಯೆ ಒಂದಕ್ಕಿಂತ ಹೆಚ್ಚಿರಬೇಕು. ಒಂದಕ್ಕಿಂತ ಕಡಿಮೆಯಿದ್ದರೆ ಬೆಲೆ ಇನ್ನೂ ಏರಿಸಲು ಜಾಗವಿದೆ ಎಂದು ತಿಳಿಯಬೇಕು.

ಕೊಪ್ಪಳ ಜಿಲ್ಲೆಯ ಕಿನ್ನಾಳದ ಗೊಂಬೆಗಳನ್ನು ಇದಕ್ಕೆ ಹೋಲಿಸಿ ನೋಡಬಹುದು. ಹಗುರ ಮರದಲ್ಲಿ ಕೆತ್ತಿ ಬಣ್ಣ ಹಚ್ಚುವ ಈ ಕುಶಲಕಲೆಗೆ ಭೌಗೋಳಿಕ ಸೂಚಿಕೆಯ ಮಾನ್ಯತೆ ಇದೆ; ಅದೇ ಹೆಸರಿನಲ್ಲಿ ಬೇರೆ ಊರಿನವರು ಮಾರುವಂತಿಲ್ಲ. ಬದಲಿ ವಸ್ತು ಕಡಿಮೆಯಿದ್ದಷ್ಟೂ ಬೆಲೆ ಏರಿದಾಗ ಓಡಿಹೋಗುವ ಗಿರಾಕಿಗಳು ಕಡಿಮೆ. ಸ್ಥಿತಿಸ್ಥಾಪಕತೆ 2.5ರ ಬದಲು 2 ಆದರೆ ಲಾಭಕರ ಬೆಲೆ ವೆಚ್ಚದ ಒಂದೂ ಮುಕ್ಕಾಲಿಗಿಂತ ತುಸು ಕಡಿಮೆಯಿಂದ ಎರಡು ಪಟ್ಟಿಗೆ ಏರುತ್ತದೆ. ಜೀನ್ಸ್‌ಗೆ ಅಂಥ ಅನುಕೂಲವಿಲ್ಲ. ಮೊಬೈಲ್ ಪರದೆಯಲ್ಲಿ ಒಂದು ಪ್ಯಾಂಟಿನ ಪಕ್ಕದಲ್ಲೇ ಇನ್ನೂ ಹತ್ತು ಪ್ಯಾಂಟುಗಳು ಕಾಣುತ್ತವೆ.

## ಡೆರಿವೇಟಿವ್ ಕೈಕೊಡುವ ಕಡೆ

ಇಳಿಜಾರು ಸೊನ್ನೆಯಾಗುವ ಬಿಂದುವನ್ನು ಹುಡುಕುವ ವಿಧಾನ ದಿಬ್ಬ ನುಣುಪಾಗಿದ್ದಾಗ ಮಾತ್ರ ಸಲೀಸು. ಆರಂಭದಲ್ಲಿ ಹೇಳಿದ ಜಿಎಸ್‌ಟಿ ದರಗಳು ಅದರಲ್ಲಿ ಒಂದು ಕಡಿದಾದ ಅಂಚನ್ನು ಮೂಡಿಸುತ್ತವೆ. ತೆರಿಗೆ ಬಿಟ್ಟ ಬೆಲೆ 2,500 ಇದ್ದರೆ ಗಿರಾಕಿ ಕೊಡುವುದು 2,625 ರೂಪಾಯಿ. 2,501 ಆದರೆ ಶೇ 18 ತೆರಿಗೆ ಸೇರಿ 2,951.18. ಮಾರುವವನಿಗೆ ಒಂದು ರೂಪಾಯಿ ಹೆಚ್ಚು, ಕೊಳ್ಳುವವನಿಗೆ 326 ರೂಪಾಯಿಗೂ ಹೆಚ್ಚು! ಅಂಥ ಅಂಚಿನಲ್ಲಿ ಎಷ್ಟು ಸಣ್ಣ ಹೆಜ್ಜೆ ಇಟ್ಟರೂ ಜಿಗಿತ ಕಡಿಮೆಯಾಗುವುದಿಲ್ಲ, ಆದ್ದರಿಂದ ಅಲ್ಲಿ ಡೆರಿವೇಟಿವ್ ಎಂಬುದೇ ಇರುವುದಿಲ್ಲ. ಕಸೂತಿ ಹಾಕಿದ ಡೆನಿಮ್ ಜಾಕೆಟ್ ಒಂದಕ್ಕೆ ಸೂತ್ರ 2,600 ರೂಪಾಯಿ ಎಂದು ಹೇಳಿದರೆ, ಅದನ್ನು ಶೇ 5ರ ತೆರಿಗೆಯ ಲೆಕ್ಕದಲ್ಲಿ ಮಾಡಿದ್ದೇ ಎಂದು ಮೊದಲು ನೋಡಬೇಕು. 2,600ಕ್ಕೆ ಗಿರಾಕಿ ನಿಜವಾಗಿ ಕೊಡಬೇಕಾದದ್ದು 3,068. ಆಗ ಅಂಚಿನ 2,500 ರೂಪಾಯಿಯನ್ನೂ, ಶೇ 18ರ ಬದಿಯ ತುದಿಯನ್ನೂ ಬೇರೆಬೇರೆಯಾಗಿ ಲೆಕ್ಕಹಾಕಿ, ಯಾವುದರಲ್ಲಿ ಹೆಚ್ಚು ಉಳಿಯುತ್ತದೆಂದು ಹೋಲಿಸಬೇಕು. ಹಲವು ಸಲ ಗೆಲ್ಲುವುದು ಇಳಿಜಾರು ಸೊನ್ನೆಯಿಲ್ಲದ ಆ ಅಂಚೇ. ಹಿಂದೆ ಇಂಥದೇ ಅಂಚು 1,000 ರೂಪಾಯಿಯಲ್ಲಿತ್ತು. 1,000ದ ಪ್ಯಾಂಟು ಗಿರಾಕಿಗೆ 1,050, 1,001ರದು 1,121.

ಉತ್ಪಾದನೆಯ ಮಿತಿ ಇನ್ನೊಂದು ಬಗೆಯ ಅಂಚು. ಯಂತ್ರಗಳು, ಕರೆಂಟು, ವಾಷಿಂಗ್ ಎಲ್ಲ ಸೇರಿ ವಾರಕ್ಕೆ 350 ಪ್ಯಾಂಟು ಮಾತ್ರ ಹೊರಬರುವಂತಿದ್ದರೆ, 500 ರೂಪಾಯಿಗೆ 400 ಜನ ಬಂದರೂ ಐವತ್ತು ಜನ ಬರಿಗೈಯಲ್ಲಿ ಹೋಗಬೇಕು. ಆಗ ಸರಿಯಾದ ಬೆಲೆ 350 ಗಿರಾಕಿಗಳಷ್ಟೇ ಉಳಿಯುವ 525.

## ಬೆಲೆ ಕೈಯಲ್ಲಿಲ್ಲದವರಿಗೆ

ಈ ಲೆಕ್ಕವೆಲ್ಲ ಬೆಲೆ ನಿಗದಿ ಮಾಡುವ ಅಧಿಕಾರ ಇರುವವರಿಗೆ. ರಾಯಚೂರಿನ ಎಪಿಎಂಸಿಗೆ ಹತ್ತಿ ತಂದ ರೈತ ಪೇಟೆಯ ದರಕ್ಕಿಂತ ಹತ್ತು ರೂಪಾಯಿ ಹೆಚ್ಚು ಕೇಳಿದರೆ ಇಬ್ಬರಲ್ಲ, ಎಲ್ಲ ಖರೀದಿದಾರರೂ ಪಕ್ಕದ ರಾಶಿಗೆ ಸರಿಯುತ್ತಾರೆ. 2025-26ರ ಸಾಲಿಗೆ ಮಧ್ಯಮ ಎಳೆಯ ಹತ್ತಿಗೆ ಕ್ವಿಂಟಲ್‌ಗೆ 7,710 ರೂಪಾಯಿ, ಉದ್ದ ಎಳೆಯದಕ್ಕೆ 8,110 ರೂಪಾಯಿ ಎಂದು ಕೇಂದ್ರ ಸರ್ಕಾರ ಬೆಂಬಲ ಬೆಲೆ ಗೊತ್ತುಮಾಡಿದೆ. ಅದನ್ನು ಬದಲಿಸುವುದು ಬೆಳೆಗಾರನ ಕೈಯಲ್ಲಿಲ್ಲ. ಸಗಟುದಾರರ ದರಕ್ಕೆ ಹೊಲಿದುಕೊಡುವ ಬಳ್ಳಾರಿಯ ಜಾಬ್‌ವರ್ಕ್ ಘಟಕಗಳ ಪರಿಸ್ಥಿತಿಯೂ ಬಹುಮಟ್ಟಿಗೆ ಇದೇ.

ಅಂಥವರಿಗೆ ಡೆರಿವೇಟಿವ್ ಬೇರೆ ಪ್ರಶ್ನೆಗೆ ಉತ್ತರಿಸುತ್ತದೆ: ಬೆಲೆ ಎಷ್ಟು ಎಂಬುದಕ್ಕಲ್ಲ, ಪ್ರಮಾಣ ಎಷ್ಟು ಎಂಬುದಕ್ಕೆ. ಗಂಗಾವತಿ ಕಡೆಯ ಭತ್ತದ ಗದ್ದೆಗೆ ಮೊದಲ ಚೀಲ ಗೊಬ್ಬರ ಕೊಡುವ ಹೆಚ್ಚಿನ ಇಳುವರಿಯನ್ನು ನಾಲ್ಕನೆಯ ಚೀಲ ಕೊಡುವುದಿಲ್ಲ; ಗೊಬ್ಬರ ಏರಿದಂತೆ ಇಳುವರಿಯ ಇಳಿಜಾರು ಕುಗ್ಗುತ್ತದೆ. 50 ಕೆಜಿಯ ಡಿಎಪಿ ಚೀಲಕ್ಕೆ 1,350 ರೂಪಾಯಿ, ಸಾಮಾನ್ಯ ಭತ್ತದ 2025-26ರ ಬೆಂಬಲ ಬೆಲೆ ಕ್ವಿಂಟಲ್‌ಗೆ 2,369 ರೂಪಾಯಿ. ಒಂದನ್ನು ಇನ್ನೊಂದರಿಂದ ಭಾಗಿಸಿದರೆ ಒಂದು ಚೀಲದ ಬೆಲೆ ಸುಮಾರು 57 ಕೆಜಿ ಭತ್ತಕ್ಕೆ ಸಮ. ಹಾಕಹೊರಟ ಮುಂದಿನ ಚೀಲ 57 ಕೆಜಿಗಿಂತ ಹೆಚ್ಚಿನ ಇಳುವರಿ ತರುವಂತಿದ್ದರೆ ಹಾಕಬಹುದು, ತರದಿದ್ದರೆ ಅಲ್ಲಿಗೆ ನಿಲ್ಲಿಸಬೇಕು. ಹಾಕುವ ಕೂಲಿ, ಹೆಚ್ಚಿದ ಭತ್ತದ ಕೊಯ್ಲು, ಸಾಗಣೆ ಸೇರಿಸಿದರೆ ಆ 57 ಇನ್ನೂ ಸ್ವಲ್ಪ ಮೇಲಕ್ಕೆ ಹೋಗುತ್ತದೆ.